ಪ್ರಯೋಗಾಲಯದಲ್ಲೇ ಸಮಾಂತರ ಕಂಪ್ಯೂಟರ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲವು ಪ್ರೊಸೆಸರ್‌ಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಯಂತ್ರವೇ ಸಮಾಂತರ ಕಂಪ್ಯೂಟರ್. ಅದನ್ನು ಕಟ್ಟುವ ವಿಶ್ವವಿದ್ಯಾಲಯದ ಸಂಶೋಧನಾ ತಂಡಕ್ಕೆ ಹೊಸದಾಗಿ ಸೇರಿದವರು ಮೊದಲ ಕೆಲವು ತಿಂಗಳಲ್ಲಿ ಕೇಳುವ ಪ್ರಶ್ನೆಗಳಿವು. ಅದೇ ಉತ್ತರವನ್ನು ವರ್ಷ ವರ್ಷವೂ ಬಾಯಲ್ಲಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ಓದುತ್ತಾ ಹೋದಂತೆ ಇಲ್ಲಿ ಪ್ರೊಸೆಸರ್ ಬಗ್ಗೆ ಕಡಿಮೆ, ತಂತಿ, ವಿದ್ಯುತ್ತು, ಬೆಸುಗೆಗಳ ಬಗ್ಗೆ ಹೆಚ್ಚು ಇರುವುದು ಗಮನಕ್ಕೆ ಬರುತ್ತದೆ. ಬೇಕೆಂದೇ ಹಾಗೆ ಬರೆದಿದ್ದೇನೆ. ನಮ್ಮ ವರ್ಷಗಳೆಲ್ಲ ಕಳೆದದ್ದು ಎರಡು ಪ್ರೊಸೆಸರ್‌ಗಳ ನಡುವಿನ ಜಾಗದಲ್ಲಿ.

ಸಾವಿರಾರು ಕೋರ್‌ಗಳ ಗ್ರಾಫಿಕ್ಸ್ ಕಾರ್ಡ್ ಅಂಗಡಿಯಲ್ಲೇ ಸಿಗುವಾಗ ಸ್ವಂತ ಯಂತ್ರ ಕಟ್ಟುವುದು ಹುಚ್ಚಲ್ಲವೇ?

ಬಹುಪಾಲು ಸಂದರ್ಭಗಳಲ್ಲಿ ಹುಚ್ಚೇ. ನಿಮಗೆ ಬೇಕಿರುವುದು ಲೆಕ್ಕದ ಉತ್ತರ ಮಾತ್ರವಾದರೆ ಕಾರ್ಡ್ ಕೊಂಡು ತನ್ನಿ, ಓದುವುದನ್ನು ಇಲ್ಲಿಗೇ ನಿಲ್ಲಿಸಿ. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅವರು 16 ಸಾಮಾನ್ಯ 486 ಪ್ರೊಸೆಸರ್‌ಗಳನ್ನು ಈಥರ್ನೆಟ್‌ನಲ್ಲಿ ಜೋಡಿಸಿ ಬಿಯೊವುಲ್ಫ್ ಕ್ಲಸ್ಟರ್ ಮಾಡಿ ತೋರಿಸಿದರು. ಅಗ್ಗದ ಸಮಾಂತರ ಯಂತ್ರ ಬೇಕೆಂಬ ಕಾರಣಕ್ಕೆ ಸ್ವಂತ ಬೋರ್ಡ್ ಮಾಡಿಸುವ ಕಾಲ ಅಲ್ಲಿಗೆ ಮುಗಿಯಿತು.

ಉಳಿದಿರುವ ಕಾರಣಗಳು ಎರಡು. ಪ್ರೊಸೆಸರ್‌ಗಳು ಪರಸ್ಪರ ಮಾತನಾಡುವ ಬಗೆಯನ್ನೇ ಬದಲಿಸಿ ನೋಡಬೇಕೆಂಬುದು ಮೊದಲನೆಯದು. ಕೊಂಡು ತಂದ ಕಾರ್ಡಿನಲ್ಲಿ ಆ ಬಗೆ ಸಿಲಿಕಾನ್‌ನಲ್ಲೇ ಅಚ್ಚಾಗಿರುತ್ತದೆ, ಕೈ ಹಾಕಲು ಬರುವುದಿಲ್ಲ. ಎರಡನೆಯದು, ನಿಮ್ಮ ಲೆಕ್ಕ ಎಷ್ಟು ಏಕತಾನದ್ದೆಂದರೆ ಸಾಮಾನ್ಯ ಪ್ರೊಸೆಸರ್‌ನ ಬಹುಭಾಗ ಅದಕ್ಕೆ ಬೇಕಾಗುವುದೇ ಇಲ್ಲ ಎಂಬ ಸ್ಥಿತಿ. ಇದಕ್ಕೆ ಟೋಕಿಯೊ ವಿಶ್ವವಿದ್ಯಾಲಯದ ಗ್ರೇಪ್ ಯಂತ್ರಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೊದಲ ಗ್ರೇಪ್ ಬಂದದ್ದು 1989ರಲ್ಲಿ. ನಕ್ಷತ್ರಗಳ ನಡುವಿನ ಗುರುತ್ವ ಬಲವನ್ನು ಲೆಕ್ಕ ಹಾಕುವುದೊಂದೇ ಅದರ ಕಸುಬು. ಉಳಿದದ್ದನ್ನೆಲ್ಲ ಪಕ್ಕದ ಸಾಮಾನ್ಯ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಸಾವಿರ ನಕ್ಷತ್ರಗಳಿದ್ದರೆ ಬೋರ್ಡಿಗೆ ಹೋಗಬೇಕಾದದ್ದು ಸಾವಿರ ಸ್ಥಾನಗಳು, ಬೋರ್ಡಿನೊಳಗೆ ನಡೆಯುವುದು ಹತ್ತು ಲಕ್ಷ ಜೋಡಿಗಳ ಲೆಕ್ಕ. ಸಾಗಣೆ ಕಡಿಮೆ, ದುಡಿಮೆ ಹೆಚ್ಚು. 1995ರ ಗ್ರೇಪ್-4 ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕಗಳ ಗಡಿಯನ್ನು ದಾಟಿತು. ನಿಮ್ಮ ಸಮಸ್ಯೆಯಲ್ಲೂ ಸಾಗಣೆ ಮತ್ತು ದುಡಿಮೆಯ ಅನುಪಾತ ಹೀಗೇ ಇದ್ದರೆ ಮುಂದೆ ಓದಿ.

ಯಾವಾಗ ಬೇಡ ಎನ್ನಬೇಕು?

ಈ ಯಂತ್ರ ಏನನ್ನು ಅಳೆಯಲಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲು ಬಾರದಿದ್ದರೆ ಬೇಡ. 'ವೇಗವಾಗಿರುತ್ತದೆ' ಎಂಬುದನ್ನು ನಾನು ವಾಕ್ಯವೆಂದು ಒಪ್ಪುವುದಿಲ್ಲ.

ಇನ್ನೊಂದು ಎಚ್ಚರ ಗಾತ್ರದ್ದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸ್ಲಾಟ್ನಿಕ್ ಅವರು ರೂಪಿಸಿದ ಇಲಿಯಾಕ್-4ಕ್ಕೆ 256 ಲೆಕ್ಕಘಟಕಗಳು ಇರಬೇಕಿತ್ತು, ಕಟ್ಟಿದ್ದು 64. ಅಂದಾಜು 80 ಲಕ್ಷ ಡಾಲರ್ ಇದ್ದ ವೆಚ್ಚ 3 ಕೋಟಿ 10 ಲಕ್ಷಕ್ಕೆ ಏರಿತು. 1972ರಲ್ಲಿ ನಾಸಾದ ಏಮ್ಸ್ ಕೇಂದ್ರಕ್ಕೆ ಸಾಗಿಸಿದ ಮೇಲೂ ಅದು ನೆಚ್ಚಿಕೊಳ್ಳಬಹುದಾದ ಸ್ಥಿತಿಗೆ ಬರಲು ಮೂರು ವರ್ಷ ಹಿಡಿಯಿತು. ಆ ಯಂತ್ರದಿಂದ ಕಲಿತದ್ದು ಬೇಕಾದಷ್ಟಿದೆ, ಅದನ್ನು ಹಗುರವಾಗಿ ಕಾಣುತ್ತಿಲ್ಲ. ಆದರೆ ಹೊಸ ವಿನ್ಯಾಸ, ಹೊಸ ಬಗೆಯ ಚಿಪ್, ಹೊಸ ಮೆಮೊರಿ ಮೂರನ್ನೂ ಒಂದೇ ಯೋಜನೆಗೆ ತುಂಬಿದರೆ ಏನಾಗುತ್ತದೆ ಎಂಬುದಕ್ಕೂ ಅದೇ ಸಾಕ್ಷಿ. ಒಂದು ಯಂತ್ರದಲ್ಲಿ ಒಂದು ಹೊಸತನ ಸಾಕು.

ಹಾಗಾದರೆ ಎಲ್ಲವನ್ನೂ ನಾವೇ ಮಾಡಬೇಕಿಲ್ಲವೇ?

ಇಲ್ಲ, ಮಾಡಲೂಬಾರದು. ಸ್ಟ್ಯಾನ್‌ಫರ್ಡ್‌ನ ಡ್ಯಾಶ್ ಯಂತ್ರವನ್ನು ನೋಡಿ. ನಾಲ್ಕು ಪ್ರೊಸೆಸರ್‌ಗಳ ಸಿದ್ಧ ಕಂಪ್ಯೂಟರ್‌ಗಳನ್ನು ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಿಂದ ತಂದು, ಅವುಗಳ ನಡುವೆ ಕೂರುವ ಬೋರ್ಡುಗಳನ್ನು ಮಾತ್ರ ತಂಡ ತಾನೇ ಮಾಡಿತು. ಯಾವ ಮೆಮೊರಿ ತುಣುಕಿನ ಪ್ರತಿ ಯಾವ ಪ್ರೊಸೆಸರ್‌ನ ಕ್ಯಾಶ್‌ನಲ್ಲಿ (ಪಕ್ಕದಲ್ಲೇ ಇಟ್ಟುಕೊಳ್ಳುವ ಸಣ್ಣ, ವೇಗದ ಮೆಮೊರಿ) ಇದೆ ಎಂಬ ಖಾತೆಯನ್ನು ಹಂಚಿ ಇಡುವುದು ಹೇಗೆ ಎಂಬುದೇ ಅವರ ಪ್ರಶ್ನೆಯಾಗಿತ್ತು. ಆದ್ದರಿಂದ ಖಾತೆ ಇಡುವ ಬೋರ್ಡನ್ನಷ್ಟೇ ಕಟ್ಟಿದರು. ಕ್ಯಾಲ್‌ಟೆಕ್‌ನಲ್ಲಿ ಚಾರ್ಲ್ಸ್ ಸೈಟ್ಜ್ ಮತ್ತು ಜೆಫ್ರಿ ಫಾಕ್ಸ್ ಅವರ ಕಾಸ್ಮಿಕ್ ಕ್ಯೂಬ್ ಕೂಡ ಹೀಗೆಯೇ: 1983ರ ಆ ಯಂತ್ರದ 64 ನೋಡ್‌ಗಳಲ್ಲಿ (ಜಾಲಕ್ಕೆ ಜೋಡಿಸಿದ ಒಂದೊಂದು ಪ್ರೊಸೆಸರ್ ಘಟಕವೇ ನೋಡ್) ಇದ್ದದ್ದು ಎಲ್ಲರಿಗೂ ಸಿಗುತ್ತಿದ್ದ ಇಂಟೆಲ್ 8086 ಮತ್ತು 8087 ಚಿಪ್‌ಗಳು.

ಸ್ವಂತ ಚಿಪ್, ಎಫ್‌ಪಿಜಿಎ, ಸಿದ್ಧ ಪ್ರೊಸೆಸರ್: ಯಾವುದನ್ನು ಆರಿಸಿಕೊಳ್ಳಬೇಕು?

ಇದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ ಕೊಡುವುದಿಲ್ಲ. ಮೊದಲ ಯಂತ್ರವಾದರೆ ಎಫ್‌ಪಿಜಿಎ.

ಎಫ್‌ಪಿಜಿಎ ಎಂದರೆ ಒಳಗಿನ ಸರ್ಕ್ಯೂಟನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದಾದ ಚಿಪ್. ಬೆಳಿಗ್ಗೆ ಕಂಡ ತಪ್ಪನ್ನು ಸಂಜೆಯೊಳಗೆ ತಿದ್ದಬಹುದು. ಬರ್ಕ್ಲಿ ವಿಶ್ವವಿದ್ಯಾಲಯದ ಬೀ-2 ಬೋರ್ಡಿನಲ್ಲಿ ಇಂಥ ಐದು ದೊಡ್ಡ ಚಿಪ್‌ಗಳಿದ್ದವು. ಬೇರೆ ಬೇರೆ ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ರ‍್ಯಾಂಪ್ ಯೋಜನೆ ಅದೇ ಬೋರ್ಡುಗಳ ಮೇಲೆ ನೂರಾರು ಪ್ರೊಸೆಸರ್‌ಗಳ ಯಂತ್ರಗಳನ್ನು ಕಟ್ಟಿ ನೋಡಿತು. ಬೆಲೆ ತೆರಬೇಕಾದದ್ದು ವೇಗದಲ್ಲಿ. ಸ್ವಂತ ಚಿಪ್‌ನಲ್ಲಿ 1 ಗಿಗಾಹರ್ಟ್ಸ್‌ಗೆ ಓಡಬಲ್ಲ ವಿನ್ಯಾಸ ಇಲ್ಲಿ 100 ಮೆಗಾಹರ್ಟ್ಸ್ ಮುಟ್ಟಲು ಏದುಸಿರು ಬಿಡುತ್ತದೆ.

ಸ್ವಂತ ಚಿಪ್ ಮಾಡಿಸುವುದು ಮೊದಲಿನಷ್ಟು ದೂರದ ಮಾತಲ್ಲ. 1981ರಲ್ಲಿ ಆರಂಭವಾದ ಮೊಸಿಸ್ ಸೇವೆ ಹಲವರ ವಿನ್ಯಾಸಗಳನ್ನು ಒಂದೇ ವೇಫರ್‌ನಲ್ಲಿ (ಚಿಪ್‌ಗಳನ್ನು ಅಚ್ಚು ಹಾಕುವ ಸಿಲಿಕಾನ್ ತಟ್ಟೆ) ಕೂಡಿಸಿ ವೆಚ್ಚ ಹಂಚಿತು. ವಿದ್ಯಾರ್ಥಿಗಳ ಕೈಗೆ ಚಿಪ್ ಎಟುಕಿದ್ದು ಆ ಉಪಾಯದಿಂದ. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಕಂಪನಿಗಳು 130 ನ್ಯಾನೊಮೀಟರ್ ತಂತ್ರದ ವಿನ್ಯಾಸ ಕಡತಗಳನ್ನು ಎಲ್ಲರಿಗೂ ತೆರೆದಿಟ್ಟವು. ಪ್ರೊಸೆಸರ್‌ನ ಆಜ್ಞಾವಳಿಗೆ, 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ರಿಸ್ಕ್-ಫೈವ್ ಇದೆ, ಪರವಾನಗಿ ಶುಲ್ಕ ಕೊಡಬೇಕಾಗಿಲ್ಲ. ಪ್ರಿನ್ಸ್‌ಟನ್‌ನ 25 ಕೋರ್‌ಗಳ ಪಿಟಾನ್ ಚಿಪ್‌ನ ವಿನ್ಯಾಸವೂ ಮುಕ್ತವಾಗಿದೆ, ಅದನ್ನು ಓದದೆ ಹೊಸದನ್ನು ಬರೆಯಲು ಕೂರಬೇಡಿ. ಇಷ್ಟಾದರೂ ವಿನ್ಯಾಸ ಕಳುಹಿಸಿದ ಮೇಲೆ ಚಿಪ್ ಕೈಸೇರಲು ತಿಂಗಳುಗಟ್ಟಲೆ ಕಾಯಬೇಕು. ಅದರಲ್ಲೊಂದು ತಪ್ಪಿದ್ದರೆ ಮತ್ತೆ ಅಷ್ಟೇ ತಿಂಗಳು.

ಸಿಮ್ಯುಲೇಶನ್ ಮಾಡಿ ಪ್ರಬಂಧ ಬರೆದರೆ ಸಾಲದೇ?

ಎಷ್ಟೋ ಸಲ ಸಾಕು. ಆದರೆ ಈ ಲೆಕ್ಕ ನೋಡಿ. ದೊಡ್ಡ ವಿನ್ಯಾಸವೊಂದನ್ನು ಗೇಟ್ ಗೇಟ್ ಆಗಿ ಅನುಕರಿಸುವಾಗ ಸೆಕೆಂಡಿಗೆ ಹತ್ತು ಸಾವಿರ ಕ್ಲಾಕ್ (ಯಂತ್ರದ ತಾಳದ ಒಂದೊಂದು ಮಿಡಿತ) ಸಿಕ್ಕಿತೆಂದುಕೊಳ್ಳಿ. 100 ಮೆಗಾಹರ್ಟ್ಸ್ ಯಂತ್ರದ ಒಂದೇ ಒಂದು ಸೆಕೆಂಡನ್ನು ನೋಡಲು ಎರಡು ಮುಕ್ಕಾಲು ಗಂಟೆ ಬೇಕು. ಆಪರೇಟಿಂಗ್ ಸಿಸ್ಟಮ್ ಎದ್ದು ಕೂರಲು ಒಂದು ನಿಮಿಷ ಎಂದಾದರೆ ಒಂದು ವಾರ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಸಿಮ್ಯುಲೇಶನ್‌ನಲ್ಲಿ ತಂತಿ ಎಂದೂ ಸಡಿಲವಾಗುವುದಿಲ್ಲ.

ಎಷ್ಟು ನೋಡ್‌ಗಳಿಂದ ಶುರು ಮಾಡಬೇಕು?

ಎರಡರಿಂದ. ಆಮೇಲೆ ನಾಲ್ಕು. ನಾಲ್ಕು ಯಾಕೆಂದರೆ, ಎರಡು ನೋಡ್‌ಗಳಲ್ಲಿ ಸಂದೇಶ ಹೋಗುವುದಕ್ಕೆ ಒಂದೇ ದಾರಿ. ದಾರಿ ತಪ್ಪಲು, ಅಡ್ಡಗಟ್ಟಲು, ಸುತ್ತಿ ಬರಲು ಜಾಗವೇ ಇರುವುದಿಲ್ಲ. ನಾಲ್ಕಾದಾಗ ಒಂದು ಚೌಕ ಮೂಡುತ್ತದೆ, ಮುಂದಿನ ಪ್ರಶ್ನೆಗಳಲ್ಲಿ ಬರುವ ಎಲ್ಲ ಜಾಲದ ತೊಂದರೆಗಳೂ ಹಾಜರಾಗುತ್ತವೆ.

ಗರಿಷ್ಠ ಎಷ್ಟು ಎಂಬುದನ್ನು ಜೀನ್ ಆಮ್ಡಾಲ್ 1967ರಲ್ಲಿ ಎತ್ತಿದ ವಾದದಿಂದ ತಿಳಿಯಬಹುದು. ಪ್ರೋಗ್ರಾಮಿನ ಶೇ 5ರಷ್ಟು ಭಾಗ ಒಬ್ಬರೇ ಮಾಡಬೇಕಾದ ಕೆಲಸವಾಗಿದ್ದರೆ 64 ಪ್ರೊಸೆಸರ್‌ಗಳಿಂದ ಸಿಗುವ ವೇಗ ಸುಮಾರು 15 ಪಟ್ಟು. ಇನ್ನೆಷ್ಟು ಸೇರಿಸಿದರೂ 20 ಪಟ್ಟು ದಾಟುವುದಿಲ್ಲ. ಅನುದಾನದ ಅರ್ಜಿಯಲ್ಲಿ 1024 ಎಂದು ಬರೆಯುವ ಮೊದಲು ನಿಮ್ಮ ಪ್ರೋಗ್ರಾಮಿನ ಆ ಶೇಕಡಾವಾರು ಎಷ್ಟೆಂದು ಅಳೆದಿದ್ದೀರಾ?

ಜಾಲದ ಆಕಾರ ಯಾವುದಿರಬೇಕು? ಹೈಪರ್‌ಕ್ಯೂಬ್, ಟೋರಸ್, ಮೆಶ್?

ಮೆಶ್ ಎಂದರೆ ಚೌಕುಳಿಯ ಬಲೆ, ಪ್ರತಿ ನೋಡ್‌ಗೂ ಅಕ್ಕಪಕ್ಕದವುಗಳೊಂದಿಗೆ ಮಾತ್ರ ಕೊಂಡಿ. ಅದರ ಪ್ರತಿ ಸಾಲಿನ ಕೊನೆಯನ್ನು ಮೊದಲಿಗೆ ಕೂಡಿಸಿ ಉಂಗುರ ಮಾಡಿದರೆ ಟೋರಸ್. ಹೈಪರ್‌ಕ್ಯೂಬ್‌ನಲ್ಲಿ ಪ್ರತಿ ಆಯಾಮಕ್ಕೆ ಎರಡೇ ನೋಡ್, ನೋಡ್‌ಗಳು ಇಮ್ಮಡಿಯಾದಾಗಲೆಲ್ಲ ಒಂದು ಆಯಾಮ ಹೆಚ್ಚುತ್ತದೆ. ಕಾಗದದ ಮೇಲೆ ಹೈಪರ್‌ಕ್ಯೂಬ್ ಬಲು ಚೆಂದ. ಕಾಸ್ಮಿಕ್ ಕ್ಯೂಬ್ ಆರು ಆಯಾಮಗಳದ್ದು, ಪ್ರತಿ ನೋಡ್‌ಗೂ ಆರು ಕೊಂಡಿಗಳು. ಆದರೆ ನೋಡ್‌ಗಳು 1024 ಆದರೆ ಪ್ರತಿಯೊಂದಕ್ಕೂ ಹತ್ತು ಕೊಂಡಿ ಬೇಕು; ಯಂತ್ರ ಬೆಳೆದಂತೆಲ್ಲ ಬೋರ್ಡನ್ನೇ ಹೊಸದಾಗಿ ಮಾಡಿಸಬೇಕು. ಮೂರು ಆಯಾಮದ ಮೆಶ್ ಅಥವಾ ಟೋರಸ್‌ನಲ್ಲಿ ಯಂತ್ರ ಎಷ್ಟೇ ದೊಡ್ಡದಾದರೂ ಕೊಂಡಿಗಳು ಆರೇ. ಎಂಐಟಿಯಲ್ಲಿ ವಿಲಿಯಂ ಡ್ಯಾಲಿ ಅವರ ತಂಡದ 1024 ನೋಡ್‌ಗಳ ಜೆ-ಮಷೀನ್ ಮೂರು ಆಯಾಮದ ಮೆಶ್ಶನ್ನೇ ಆರಿಸಿಕೊಂಡಿತ್ತು. ಸಮಸ್ಯೆಯ ಆಕಾರವೇ ಜಾಲದ ಆಕಾರವನ್ನು ಹೇಳುವುದೂ ಉಂಟು: ಕೊಲಂಬಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಕ್ವಾರ್ಕ್‌ಗಳ ಲೆಕ್ಕಕ್ಕಾಗಿ ಕಟ್ಟಿದ ಕ್ಯೂಸಿಡಿಎಸ್‌ಪಿ ನಾಲ್ಕು ಆಯಾಮದ್ದು. ದೇಶ ಮೂರು, ಕಾಲ ಒಂದು.

ಟೋರಸ್ ಮಾಡುವವರು ಮೊದಲ ಸಲ ಮಾಡುವ ತಪ್ಪನ್ನು ಹೇಳಿಬಿಡುತ್ತೇನೆ. ಎಂಟು ಬೋರ್ಡುಗಳನ್ನು 0ಯಿಂದ 7ರವರೆಗೆ ಸಾಲಾಗಿ ಜೋಡಿಸಿ, ಕೊನೆಯದರಿಂದ ಮೊದಲಿನದಕ್ಕೆ ಉದ್ದನೆಯ ಕೇಬಲ್ ಎಳೆಯುತ್ತಾರೆ. ಇಡೀ ಜಾಲದ ವೇಗ ಆ ಒಂದು ಕೇಬಲ್‌ಗೆ ಕಟ್ಟುಬೀಳುತ್ತದೆ. ರ‍್ಯಾಕ್‌ನಲ್ಲಿ ಬೋರ್ಡುಗಳನ್ನು 0, 7, 1, 6, 2, 5, 3, 4 ಎಂಬ ಕ್ರಮದಲ್ಲಿ ಕೂರಿಸಿ ನೋಡಿ. ಯಾವ ಕೇಬಲ್ಲೂ ಎರಡು ಮನೆಗಿಂತ ಆಚೆ ಹೋಗುವುದಿಲ್ಲ.

ಜಾಲ ಹಠಾತ್ತನೆ ಸ್ತಬ್ಧವಾಗುತ್ತದೆ, ಯಾವ ದೋಷವೂ ಕಾಣುವುದಿಲ್ಲ. ಏನಾಗಿದೆ?

ಡೆಡ್‌ಲಾಕ್. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಸಂದೇಶಗಳು ನಿಂತಿವೆ, ಪ್ರತಿಯೊಂದೂ ತನ್ನ ಮುಂದಿನ ಮೂಲೆ ಖಾಲಿಯಾಗಲೆಂದು ಕಾಯುತ್ತಿದೆ. ಯಾರೂ ತಪ್ಪು ಮಾಡಿಲ್ಲ, ಯಾರೂ ಕದಲುವುದೂ ಇಲ್ಲ.

ಮೆಶ್‌ನಲ್ಲಿ ಮದ್ದು ಸುಲಭ: ಮೊದಲು ಅಡ್ಡಕ್ಕೆ ಪೂರ್ತಿ ಸಾಗಿ, ನಂತರ ಉದ್ದಕ್ಕೆ ತಿರುಗಬೇಕು, ಉದ್ದದಿಂದ ಅಡ್ಡಕ್ಕೆ ತಿರುಗುವಂತಿಲ್ಲ ಎಂಬ ನಿಯಮ. ಚೌಕ ಪೂರ್ತಿಯಾಗಲು ಬೇಕಾದ ತಿರುವುಗಳೇ ಇಲ್ಲವಾಗುತ್ತವೆ. ಟೋರಸ್‌ನಲ್ಲಿ ಇಷ್ಟು ಸಾಲದು, ಒಂದೇ ಸಾಲಿನೊಳಗೇ ಉಂಗುರ ಇರುತ್ತದಲ್ಲ. ಒಂದೇ ತಂತಿಯ ಮೇಲೆ ಎರಡು ಪ್ರತ್ಯೇಕ ಸರದಿಗಳನ್ನು ಇಟ್ಟು ಆ ಉಂಗುರವನ್ನು ಸುರುಳಿಯಾಗಿ ಬಿಡಿಸುವ ವಿಧಾನವನ್ನು ಡ್ಯಾಲಿ ಮತ್ತು ಸೈಟ್ಜ್ 1987ರಲ್ಲಿ ವಿವರಿಸಿದರು. ಮೂರನೆಯ ಬಗೆಯೊಂದಿದೆ, ಅದು ಇನ್ನೂ ಮೋಸದ್ದು: ಕೋರಿಕೆಗಳು ಜಾಲವನ್ನು ತುಂಬಿಬಿಟ್ಟು ಉತ್ತರಗಳಿಗೆ ದಾರಿಯೇ ಇಲ್ಲದಂತಾಗುವುದು. ಡ್ಯಾಶ್‌ನಲ್ಲಿ ಕೋರಿಕೆಗೊಂದು, ಉತ್ತರಕ್ಕೊಂದು ಎಂದು ಎರಡು ಜಾಲಗಳನ್ನೇ ಇಟ್ಟಿದ್ದರು.

ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸ್ಪಿನೇಕರ್ ಇನ್ನೊಂದು ದಾರಿ ಹಿಡಿಯಿತು. ದಟ್ಟಣೆ ಮಿತಿ ಮೀರಿದರೆ ಪ್ಯಾಕೆಟ್ (ಸಂದೇಶದ ಒಂದು ತುಂಡು) ಬಿಸಾಡು. ಅದು ಅನುಕರಿಸುವುದು ಮಿದುಳಿನ ನರಕೋಶಗಳನ್ನು. ಒಂದೆರಡು ಮಿಡಿತ ಕಳೆದರೆ ಮಿದುಳಿಗೇನೂ ಆಗದು. ಬ್ಯಾಂಕಿನ ಲೆಕ್ಕಕ್ಕೆ ಇದನ್ನು ಮಾಡಬೇಡಿ.

ಎಲ್ಲ ನೋಡ್‌ಗಳಿಗೂ ಒಂದೇ ಕ್ಲಾಕ್ ಕೊಡಬಹುದೇ?

ಒಂದು ಬೋರ್ಡಿನೊಳಗೆ ಸರಿ. ಅದರಾಚೆ ಆಸೆ ಪಡಬೇಡಿ. ಸಾಮಾನ್ಯ ಸರ್ಕ್ಯೂಟ್ ಬೋರ್ಡಿನಲ್ಲಿ ಸಂಕೇತ ಒಂದು ನ್ಯಾನೊಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್ ಸಾಗುತ್ತದೆ. 500 ಮೆಗಾಹರ್ಟ್ಸ್ ಕ್ಲಾಕಿನ ಒಂದು ಸುತ್ತು 2 ನ್ಯಾನೊಸೆಕೆಂಡ್. ಅಂದರೆ ಒಂದು ಅಳತೆಪಟ್ಟಿಯಷ್ಟು ದೂರ, 30 ಸೆಂಟಿಮೀಟರ್, ಹೋಗುವಷ್ಟರಲ್ಲಿ ಪೂರ್ತಿ ಒಂದು ಸುತ್ತು ಕಳೆದಿರುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ.

ಪ್ರತಿ ನೋಡ್‌ಗೂ ತನ್ನದೇ ಕ್ಲಾಕ್ ಕೊಡಿ, ಗಡಿ ದಾಟುವ ಕಡೆ ಸಣ್ಣ ಸರದಿಯೊಂದನ್ನು ಇಡಿ. ಸ್ಪಿನೇಕರ್ ಕೂಡ ಹೀಗೆಯೇ, ಒಳಗೆ ತಾಳ ಇದೆ, ಹೊರಗೆ ಇಲ್ಲ. ಬೇರೆ ಕ್ಲಾಕಿನಿಂದ ಬರುವ ಒಂದು ಬಿಟ್ ಸಂಕೇತವನ್ನು ಎರಡು ಫ್ಲಿಪ್-ಫ್ಲಾಪ್‌ಗಳ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಮೂಲಕ ಹಾಯಿಸದೆ ನೇರವಾಗಿ ಒಳಗೆ ಬಿಟ್ಟುಕೊಳ್ಳಬೇಡಿ. ಬಿಟ್ಟುಕೊಂಡರೆ ಆ ಸಂಕೇತ ಸೊನ್ನೆಯೂ ಅಲ್ಲದ ಒಂದೂ ಅಲ್ಲದ ಸ್ಥಿತಿಯಲ್ಲಿ ತೂಗಾಡುವ ಕ್ಷಣ ಎಂದೋ ಒಮ್ಮೆ ಬಂದೇ ಬರುತ್ತದೆ. ಬಹುಶಃ ಪ್ರಾತ್ಯಕ್ಷಿಕೆಯ ದಿನ.

ವಿದ್ಯುತ್ ಪೂರೈಕೆಯನ್ನು ಎಲೆಕ್ಟ್ರಿಕಲ್ ವಿಭಾಗಕ್ಕೆ ಬಿಟ್ಟುಬಿಟ್ಟರೆ ಆಗದೇ?

ಆಗದು. ಸಮಾಂತರ ಯಂತ್ರದಲ್ಲಿ ವಿದ್ಯುತ್ತು ವಿನ್ಯಾಸದ ಒಂದು ಭಾಗ.

1 ವೋಲ್ಟ್‌ನಲ್ಲಿ 40 ವ್ಯಾಟ್ ಉಣ್ಣುವ ಚಿಪ್ ಎಳೆಯುವ ಕರೆಂಟ್ 40 ಆಂಪಿಯರ್. ದಾರಿಯಲ್ಲಿ ಒಂದೇ ಒಂದು ಮಿಲಿಓಮ್ ರೋಧ ಇದ್ದರೂ 40 ಮಿಲಿವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಅಂದರೆ ಶೇ 4. ಚಿಪ್ ಸಹಿಸುವ ಏರುಪೇರೇ ಹೆಚ್ಚುಕಡಿಮೆ ಅಷ್ಟು. ಆದ್ದರಿಂದ ಬೋರ್ಡಿಗೆ 12 ಅಥವಾ 48 ವೋಲ್ಟ್ ತಂದು ಚಿಪ್‌ನ ಪಕ್ಕದಲ್ಲೇ 1 ವೋಲ್ಟ್‌ಗೆ ಇಳಿಸಬೇಕು. ಇಂಥ 16 ಚಿಪ್‌ಗಳ 640 ವ್ಯಾಟನ್ನು 12 ವೋಲ್ಟ್‌ನಲ್ಲಿ ಕೊಟ್ಟರೆ 53 ಆಂಪಿಯರ್ ಹರಿಯುತ್ತದೆ, 48ರಲ್ಲಿ ಕೊಟ್ಟರೆ 13. ಕನೆಕ್ಟರ್ ಕರಗಿ ಅಂಟಿಕೊಂಡ ವಾಸನೆ ಒಮ್ಮೆ ಕುಡಿದವರು 48 ಅನ್ನೇ ಆರಿಸುತ್ತಾರೆ.

ಇಷ್ಟು ಯಾವ ಯಂತ್ರಕ್ಕೂ ಅನ್ವಯಿಸುವ ಮಾತು. ಸಮಾಂತರ ಯಂತ್ರಕ್ಕೇ ವಿಶೇಷವಾದ ಕಾಟ ಬೇರೆಯಿದೆ. ಲೆಕ್ಕದ ಒಂದು ಹಂತ ಮುಗಿದಾಗ ಎಲ್ಲ ನೋಡ್‌ಗಳೂ ಉಳಿದವರಿಗಾಗಿ ಕಾಯುತ್ತವೆ. ಕಾಯುವಾಗ ಕರೆಂಟ್ ಕಡಿಮೆ. ಕೊನೆಯ ನೋಡ್ ಬಂದು ಸೇರಿದ ಮರುಕ್ಷಣ ಎಲ್ಲವೂ ಒಟ್ಟಿಗೇ ಎದ್ದು ಓಡುತ್ತವೆ, ವೋಲ್ಟೇಜ್ ದಬಕ್ಕನೆ ಕುಸಿಯುತ್ತದೆ. ಒಂದೊಂದೇ ನೋಡನ್ನು ಪರೀಕ್ಷಿಸಿದಾಗ ಎಲ್ಲವೂ ಸರಿ, ಕೂಡಿ ಓಡಿಸಿದಾಗ ಮಾತ್ರ ತಪ್ಪು ಉತ್ತರ. ನಾವು ಇದನ್ನು ಮೂರು ವಾರ ಜಾಲದ ದೋಷವೆಂದೇ ಹುಡುಕಿದೆವು. ಕೊನೆಗೊಬ್ಬ ವಿದ್ಯಾರ್ಥಿನಿ ಆಸಿಲೋಸ್ಕೋಪಿನ ಒಂದು ಕಡ್ಡಿಯನ್ನು 'ಎಲ್ಲರೂ ಬಂದರು' ಎಂಬ ಸಂಕೇತಕ್ಕೂ ಇನ್ನೊಂದನ್ನು ಚಿಪ್‌ಗಳಿಗೆ 1 ವೋಲ್ಟ್ ಒಯ್ಯುವ ಹಳಿಗೂ ಹಚ್ಚಿದಳು. ಪರದೆಯ ಮೇಲೆ ಮೊದಲ ಗೆರೆ ಏರಿದ ಕಡೆಯಲ್ಲೆಲ್ಲ ಎರಡನೆಯ ಗೆರೆಯಲ್ಲಿ ಒಂದು ಗುಂಡಿ. ನೋಡ್‌ಗಳು ಕೆಲವು ಕ್ಲಾಕ್‌ಗಳ ಅಂತರದಲ್ಲಿ ಒಂದರ ಹಿಂದೊಂದು ಏಳುವಂತೆ ಬದಲಿಸಿದೆವು. ಗುಂಡಿ ಮುಚ್ಚಿತು.

ತಂಪು ಮಾಡಲು ಫ್ಯಾನ್ ಸಾಕೇ?

ಮೊದಲ ರ‍್ಯಾಕ್‌ಗೆ ಸಾಕು. ಗಾಳಿ ಯಾವ ಕಡೆಯಿಂದ ಬಂದು ಯಾವ ಕಡೆ ಹೋಗುತ್ತದೆ ಎಂದು ಬೋರ್ಡಿನ ವಿನ್ಯಾಸಕ್ಕೆ ಮೊದಲೇ ನಿರ್ಧರಿಸಿ. ಎತ್ತರದ ಕನೆಕ್ಟರ್ ಗಾಳಿಗೆ ಅಡ್ಡ ನಿಂತರೆ ಅದರ ಹಿಂದಿನ ಚಿಪ್ ಬೇಯುತ್ತದೆ.

ಬೆಸುಗೆಯನ್ನು ನಾವೇ ಹಾಕಬಹುದೇ?

ಕಾಲುಗಳಿರುವ ಚಿಪ್‌ಗಳಿಗೆ ಹಾಕಬಹುದು, ಹಾಕಲು ಕಲಿಯಲೇಬೇಕು ಕೂಡ. ಹೊಟ್ಟೆಯ ಕೆಳಗೆ ಸಾವಿರ ಗುಂಡುಗಳಿರುವ ಬಿಜಿಎ ಚಿಪ್‌ಗಳನ್ನು ಜೋಡಣಾ ಘಟಕಕ್ಕೆ ಕೊಡಿ, ಎಕ್ಸ್-ರೇ ಚಿತ್ರ ಕೇಳಿ ಪಡೆಯಿರಿ.

ನಕ್ಷೆ ಕಳುಹಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಬೋರ್ಡಿನ ಚಿತ್ರವನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಕನೆಕ್ಟರ್‌ಗಳನ್ನು ಅದರ ಮೇಲಿಟ್ಟು ನೋಡಿ. ನಾನು ನೋಡಲಿಲ್ಲ. ಕನೆಕ್ಟರನ್ನು ಮೇಲಿನಿಂದ ನೋಡಿ ಬರೆದ ಪಟ್ಟಿಯನ್ನು ಕೆಳಗಿನಿಂದ ನೋಡಿದ್ದೆಂದು ತಿಳಿದು ಎರಡು ಸಾಲು ಪಿನ್ನುಗಳನ್ನು ಅದಲುಬದಲು ಮಾಡಿದ್ದೆ. ಹನ್ನೆರಡು ಬೋರ್ಡ್ ಬಂದವು, ಹನ್ನೆರಡೂ ಕನ್ನಡಿಯೊಳಗಿನ ಬೋರ್ಡುಗಳು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ. ಕನೆಕ್ಟರ್‌ಗಳನ್ನು ಬೋರ್ಡಿನ ಹಿಂಬದಿಗೆ ಬೆಸೆದು ಬಳಸಿದೆವು; ಅವು ರ‍್ಯಾಕ್‌ನಲ್ಲಿ ತಲೆಕೆಳಗಾಗಿಯೇ ಕೊನೆಯವರೆಗೂ ದುಡಿದವು.

ಹೊಸ ಬೋರ್ಡ್ ಕೈಗೆ ಬಂದ ದಿನ ಏನು ಮಾಡಬೇಕು?

ವಿದ್ಯುತ್ ಕೊಡಬಾರದು. ಮೊದಲು ಕಣ್ಣಿನಿಂದ, ಭೂತಗನ್ನಡಿಯಿಂದ ನೋಡಿ. ನಂತರ ಪ್ರತಿ ವಿದ್ಯುತ್ ಹಳಿಗೂ ನೆಲಕ್ಕೂ (ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್) ನಡುವಿನ ರೋಧವನ್ನು ಮಲ್ಟಿಮೀಟರ್‌ನಲ್ಲಿ ಅಳೆದು ಬರೆದಿಡಿ. ಮುಂದಿನ ಬೋರ್ಡಿನಲ್ಲಿ ಹೋಲಿಸಲು ಅದೇ ಆಧಾರ. ಆಮೇಲೆ ಕರೆಂಟಿಗೆ ಮಿತಿ ಹಾಕಬಲ್ಲ ಪವರ್ ಸಪ್ಲೈಯಿಂದ, ಮಿತಿಯನ್ನು ಕೆಳಗಿಟ್ಟು ಕೊಡಿ. ಹಳಿಗಳು ಒಂದೊಂದೇ ಸರಿಯಾದ ಕ್ರಮದಲ್ಲಿ ಏಳುತ್ತಿವೆಯೇ, ಕ್ಲಾಕ್ ಮಿಡಿಯುತ್ತಿದೆಯೇ, ಜೆಟ್ಯಾಗ್ ಎಂಬ ಪರೀಕ್ಷಾ ಕೊಂಡಿಯಲ್ಲಿ ಚಿಪ್ ತನ್ನ ಗುರುತಿನ ಸಂಖ್ಯೆ ಹೇಳುತ್ತಿದೆಯೇ ನೋಡಿ. ಮೊದಲ ಪ್ರೋಗ್ರಾಮ್ ಒಂದು ಎಲ್‌ಇಡಿ ದೀಪ ಮಿನುಗಿಸುವುದು. ನಗಬೇಡಿ, ಆ ದೀಪ ಮಿನುಗಿದ ಸಂಜೆ ನಮ್ಮಲ್ಲಿ ಯಾರೂ ಬೇಗ ಮನೆಗೆ ಹೋಗಿಲ್ಲ.

ಬೋರ್ಡಿನಲ್ಲಿ ಎಲ್‌ಇಡಿಗಳನ್ನೂ ಅಳತೆಯ ಕಡ್ಡಿ ಹಚ್ಚುವ ಬಿಂದುಗಳನ್ನೂ ಧಾರಾಳವಾಗಿ ಇಡಿ. ಜಾಗ ವ್ಯರ್ಥ ಎನ್ನುವವರು ಇನ್ನೂ ಒಂದೂ ಬೋರ್ಡನ್ನು ಎಬ್ಬಿಸಿಲ್ಲ ಎಂದು ತಿಳಿಯಿರಿ.

ದಿನಕ್ಕೊಮ್ಮೆ ಎಲ್ಲೋ ಬರುವ ದೋಷವನ್ನು ಹಿಡಿಯುವುದು ಹೇಗೆ?

ಮೊದಲು ಎಲ್ಲಿ ಎಂದು ಕೇಳಿ, ಏಕೆ ಎಂಬುದು ಆಮೇಲೆ. ಪ್ರತಿ ಕೊಂಡಿಯ ಎರಡೂ ತುದಿಗಳಲ್ಲಿ ಎಣಿಕೆಗಳನ್ನು ಇಡಿ: ಕಳುಹಿಸಿದ್ದೆಷ್ಟು, ಬಂದದ್ದೆಷ್ಟು, ಕೆಟ್ಟದ್ದೆಷ್ಟು. ಇದನ್ನು ವಿನ್ಯಾಸದ ಮೊದಲ ದಿನವೇ ಸೇರಿಸಬೇಕು. ದೋಷ ಬಂದ ಮೇಲೆ ಸೇರಿಸಿದರೆ ಸರ್ಕ್ಯೂಟಿನ ಜೋಡಣೆ ಬದಲಾಗಿ ದೋಷ ಅಡಗಿಕೊಳ್ಳುತ್ತದೆ.

ನಮ್ಮ 13ನೆಯ ನೋಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಒಂದು ಪ್ಯಾಕೆಟ್ ಕೆಡಿಸುತ್ತಿತ್ತು. ಕೇಬಲ್ ಬದಲಿಸಿದೆವು, ಪ್ರೋಗ್ರಾಮ್ ಬದಲಿಸಿದೆವು, ಬೋರ್ಡನ್ನು ರ‍್ಯಾಕ್‌ನ ಬೇರೆ ಮನೆಗೆ ಸರಿಸಿದೆವು. ದೋಷ ಬೋರ್ಡಿನ ಜೊತೆಗೇ ಹೋಯಿತು. ಹನ್ನೊಂದನೆಯ ದಿನ ಒಬ್ಬರು ಹಿಂದಿನ ತಿರುಪು ಬಿಗಿಮಾಡಲು ಬೋರ್ಡಿನ ಮೇಲೆ ಕೈಯೂರಿ ಬಾಗಿದರು. ಅಷ್ಟು ಹೊತ್ತಿಗೆ ಪರೀಕ್ಷೆಗೆಂದು ಕೊಂಡಿಯ ವೇಗ ಹೆಚ್ಚಿಸಿ ಸೆಕೆಂಡಿಗೊಂದು ತಪ್ಪು ಬರುವಂತೆ ಮಾಡಿದ್ದೆವು. ಎಣಿಕೆ ಥಟ್ಟನೆ ನಿಂತಿತು. ಕೈ ತೆಗೆದರು, ಮತ್ತೆ ಏರತೊಡಗಿತು. ಚಿಪ್‌ನ ಎಡಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಸರಿ, ಬಿಟ್ಟರೆ ತಪ್ಪು. ಓರೆಯಾಗಿ ತೆಗೆಸಿದ ಎಕ್ಸ್-ರೇಯಲ್ಲಿ ಒಂದು ಗುಂಡು ಕೆಳಗಿನ ಬೆಸುಗೆಯೊಂದಿಗೆ ಕೂಡಿಕೊಳ್ಳದೆ, ದಿಂಬಿನ ಮೇಲೆ ತಲೆಯಿಟ್ಟಂತೆ ಸುಮ್ಮನೆ ಒರಗಿತ್ತು. ಜೋಡಣೆಯ ಕೆಲಸದವರು ಈ ದೋಷವನ್ನು ಕರೆಯುವುದೂ 'ಹೆಡ್ ಇನ್ ಪಿಲೋ' ಎಂದೇ.

ತಂತ್ರಾಂಶ ಯಾವಾಗ ಶುರು ಮಾಡಬೇಕು?

ಬೋರ್ಡಿಗಿಂತ ಮೊದಲು. ಸಂದೇಶ ಕಳುಹಿಸುವ, ಪಡೆಯುವ, ಎಲ್ಲರಿಗಾಗಿ ಕಾಯುವ ಮೂರು ಕರೆಗಳನ್ನು ನಿರ್ಧರಿಸಿ, ಅವನ್ನು ಸಾಮಾನ್ಯ ಕಂಪ್ಯೂಟರ್ ಮೇಲೆಯೇ ಬರೆದು, ನಿಮ್ಮ ಪ್ರೋಗ್ರಾಮನ್ನು ಅದರ ಮೇಲೆ ಓಡಿಸಿ. ಯಂತ್ರ ಸಿದ್ಧವಾದಾಗ ಕೆಳಗಿನ ಪದರ ಮಾತ್ರ ಬದಲಾಗುತ್ತದೆ.

ಬೇರೆ ಕಡೆ ಪ್ರೋಗ್ರಾಮ್ ಬರೆಯುವವರು ಯಂತ್ರವನ್ನು ದೂರಿದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಗಬಹುದು. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿರಬಹುದು. ಆದ್ದರಿಂದ ಬೋರ್ಡಿನವರೂ ಪ್ರೋಗ್ರಾಮಿನವರೂ ಒಂದೇ ಕೋಣೆಯಲ್ಲಿ ಕೂರಲಿ.

ಎಷ್ಟು ಜನ, ಎಷ್ಟು ಕಾಲ ಬೇಕು?

ನಾಲ್ಕೈದು ವಿದ್ಯಾರ್ಥಿಗಳು, ಮೂರರಿಂದ ಐದು ವರ್ಷ, ಎಂದು ನನ್ನ ಅನುಭವ. ನಿಜವಾದ ಗಂಡಾಂತರ ಪದವಿ ಪ್ರದಾನ ಸಮಾರಂಭ. ಜಾಲದ ರೌಟರ್ (ಸಂದೇಶಗಳಿಗೆ ದಾರಿ ತೋರುವ ಭಾಗ) ಬರೆದವರು ಪದವಿ ಪಡೆದು ಹೊರಟ ಮರುವಾರವೇ ರೌಟರ್ ಕೈಕೊಡುತ್ತದೆ. ಪ್ರತಿ ಭಾಗವನ್ನೂ ಇಬ್ಬರು ಬಲ್ಲವರಾಗಿರಬೇಕು, ಅವರಲ್ಲೊಬ್ಬರು ಕಿರಿಯರಾಗಿರಬೇಕು. ಯಂತ್ರ ಮುಗಿದ ಮೇಲೆಯೇ ಪ್ರಬಂಧ ಎಂಬ ಷರತ್ತನ್ನು ಯಾವ ವಿದ್ಯಾರ್ಥಿಯ ಮೇಲೂ ಹೇರಬೇಡಿ. ಜಾಲ, ವಿದ್ಯುತ್ತು, ಕಂಪೈಲರ್ ಒಂದೊಂದೂ ತನ್ನಷ್ಟಕ್ಕೆ ಪ್ರಬಂಧವಾಗುವ ಹಾಗೆ ಕೆಲಸವನ್ನು ಹಂಚಬೇಕು, ಇದು ಮಾರ್ಗದರ್ಶಕರ ಹೊಣೆ.

ಕಟ್ಟಿ ಮುಗಿಸುವ ಹೊತ್ತಿಗೆ ನಮ್ಮ ಚಿಪ್ ಹಳೆಯದಾಗಿರುತ್ತದೆ. ಆಗ?

ಆಗಿಯೇ ಆಗಿರುತ್ತದೆ. ಬಾಳುವುದು ಜೋಡಣೆಯ ವಿಚಾರ. ಕೊಲಂಬಿಯಾದ ಯಂತ್ರದ ನಂತರ ಅದೇ ಗುಂಪು ಐಬಿಎಂ ಜೊತೆ ಸೇರಿ ಕ್ಯೂಸಿಡಿಒಸಿ ಕಟ್ಟಿತು. ಆ ಅನುಭವ ಬ್ಲೂ ಜೀನ್ ಸೂಪರ್‌ಕಂಪ್ಯೂಟರ್‌ಗೆ ಹರಿಯಿತು. ಹೆಂಚುಗಳಂತೆ ಜೋಡಿಸಿದ 16 ಪ್ರೊಸೆಸರ್‌ಗಳಿದ್ದ, ಎಂಐಟಿಯ 'ರಾ' ಎಂಬ ಚಿಪ್‌ನಿಂದ 2004ರಲ್ಲಿ ಟಿಲೆರಾ ಎಂಬ ಕಂಪನಿಯೇ ಹುಟ್ಟಿತು. ಕಾರ್ನೆಗಿ ಮೆಲನ್‌ನಲ್ಲಿ ಫೆಂಗ್-ಸಿಯುಂಗ್ ಸು ವಿದ್ಯಾರ್ಥಿಯಾಗಿದ್ದಾಗ ಮಾಡಿದ ಚದುರಂಗದ ಚಿಪ್ಪಿನ ಸಂತತಿಯೇ 1997ರಲ್ಲಿ ಕಾಸ್ಪರೋವ್ ಅವರನ್ನು ಸೋಲಿಸಿದ ಡೀಪ್ ಬ್ಲೂ. ಫಲಿತಾಂಶ ಪ್ರಕಟಿಸುವಾಗ ಸೆಕೆಂಡುಗಳನ್ನು ಮಾತ್ರ ಕೊಡಬೇಡಿ, ಕ್ಲಾಕ್ ಸುತ್ತುಗಳಲ್ಲೂ ಕೊಡಿ. ಹತ್ತು ವರ್ಷದ ನಂತರ ಓದುವವರು ಹೋಲಿಸುವುದು ಅವನ್ನೇ.

ಒಂದು ನೋಡ್ ಕೆಟ್ಟರೆ ಇಡೀ ಯಂತ್ರ ನಿಲ್ಲಬೇಕೇ?

ಪ್ರತಿ ಬೋರ್ಡ್ ಸರಿಯಿರುವ ಸಾಧ್ಯತೆ ಶೇ 99 ಎಂದಿಟ್ಟುಕೊಂಡರೂ 64 ಬೋರ್ಡುಗಳೂ ಒಟ್ಟಿಗೆ ಸರಿಯಿರುವ ಸಾಧ್ಯತೆ ಶೇ 53 ಮಾತ್ರ. ಒಂದು ನೋಡ್ ಸರಾಸರಿ ಐದು ವರ್ಷಕ್ಕೊಮ್ಮೆ ಕೆಡುತ್ತದೆ ಎಂದಾದರೆ 64 ನೋಡ್‌ಗಳ ಯಂತ್ರದಲ್ಲಿ ತಿಂಗಳಿಗೊಂದು ಕೆಡುತ್ತದೆ. ಹತ್ತು ಲಕ್ಷಕ್ಕೂ ಹೆಚ್ಚು ಕೋರ್‌ಗಳಿರುವ ಸ್ಪಿನೇಕರ್‌ನಲ್ಲಿ ಎಲ್ಲವೂ ಸದಾ ಸರಿಯಿರಲಿ ಎಂದು ಕಾದಿದ್ದರೆ ಅದು ಚಾಲೂ ಆಗುತ್ತಲೇ ಇರಲಿಲ್ಲ. ಕೆಟ್ಟ ನೋಡನ್ನು ಪಟ್ಟಿಯಿಂದ ತೆಗೆದು ಉಳಿದವುಗಳಿಂದ ಓಡುವ ವ್ಯವಸ್ಥೆ ಮೊದಲಿಂದಲೇ ಇರಲಿ. ಬದಲಿ ಬೋರ್ಡುಗಳನ್ನು ಮೊದಲ ಆರ್ಡರಿನಲ್ಲೇ ಮಾಡಿಸಿ, ಆಮೇಲೆ ಆ ಚಿಪ್ ಸಿಗದೇ ಹೋಗಬಹುದು.

ಯಂತ್ರವನ್ನು ಬಿಚ್ಚುವ ದಿನ ಏನನ್ನು ಉಳಿಸಿಕೊಳ್ಳಬೇಕು?

ಓಡುವ ಎರಡು ಬೋರ್ಡುಗಳು, ಅವುಗಳ ಕೇಬಲ್, ಒಂದು ಪವರ್ ಸಪ್ಲೈ. ಎಫ್‌ಪಿಜಿಎ ಉಪಕರಣದ ತಂತ್ರಾಂಶವಿರುವ ಕಂಪ್ಯೂಟರಿನ ಡಿಸ್ಕ್ ಪೂರ್ತಿಯಾಗಿ. ಹೊಸ ಆವೃತ್ತಿ ಹಳೆಯ ಚಿಪ್ಪನ್ನು ಗುರುತಿಸುವುದಿಲ್ಲ. ಅಳತೆಯ ಮೂಲ ಕಡತಗಳು. ಉಳಿದ ಬೋರ್ಡುಗಳನ್ನು ಕಟ್ಟಿದವರು ಒಂದೊಂದು ಮನೆಗೆ ಒಯ್ಯಲಿ, ಮಿಕ್ಕದ್ದು ಇ-ತ್ಯಾಜ್ಯಕ್ಕೆ ಹೋಗಲಿ. ಮೊಟ್ಟಮೊದಲ ಬೋರ್ಡನ್ನು ಮಾತ್ರ ಯಾರಿಗೂ ಕೊಡಬೇಡಿ. ತಪ್ಪು ತಿದ್ದಲು ಅದರ ಹಿಂಬದಿಯಲ್ಲಿ ಕೈಯಿಂದ ಬೆಸೆದ ಹದಿನೇಳು ಹಸಿರು ತಂತಿಗಳಲ್ಲಿ ನಾಲ್ಕು ಮಾತ್ರ ನಮ್ಮ ನಕ್ಷೆಯಲ್ಲಿ ದಾಖಲಾಗಿವೆ.